ಪದಚರ್ಚೆ: ರಿಸೀವರಿನ ‘ಗುಂಯ್’, ‘ಬುಸ್’, ‘ಚರಚರ’

ಎಲ್ಲರಿಗೂ ನಮಸ್ಕಾರ.

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನ ಅಕ್ಕನ ಮಗ ಹೋಮ್ ಥಿಯೇಟರ್ ಮಾರಾಟ, ರಿಪೇರಿ ಎರಡೂ ಮಾಡುತ್ತಾನೆ. ಗಿರಾಕಿಗಳಿಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಿ ಮಾವ ಅಂದಿದ್ದಾನೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಿಂದ ‘ಸೌಂಡ್ ಸರಿಯಿಲ್ಲ’ ಅಂತ ಫೋನ್ ಬರುತ್ತದಂತೆ. ಎಂಥ ಸೌಂಡು ಅಂದರೆ ‘ಏನೋ ಒಂಥರಾ’. ಆ ‘ಒಂಥರಾ’ ಯಾವ ಥರ ಅಂತ ಗೊತ್ತಾದರೆ ಎಷ್ಟೋ ಸಲ ಮಳೆಯಲ್ಲಿ ಅಷ್ಟು ದೂರ ಹೋಗುವುದು ತಪ್ಪುತ್ತದೆ.

ಹೋಮ್ ಥಿಯೇಟರಿನ ಮುಖ್ಯ ಪೆಟ್ಟಿಗೆಗೆ ರಿಸೀವರ್ ಪದವನ್ನು ಹಾಗೇ ಇಡುತ್ತೇನೆ. ಒಳಗೆ ರೇಡಿಯೊ ಟ್ಯೂನರ್ ಇರುವುದರಿಂದ ಬಂದ ಹೆಸರು ಅದು. ಈಗ ಅದರ ಮುಖ್ಯ ಕೆಲಸ ಎಚ್‌ಡಿಎಂಐ (ಚಿತ್ರ, ದನಿ ಎರಡನ್ನೂ ಒಯ್ಯುವ ಕೇಬಲ್) ಸಂಪರ್ಕಗಳನ್ನು ಬದಲಿಸುವುದು, ಡಿಜಿಟಲ್ ಸಂಕೇತದಿಂದ ದನಿಯನ್ನು ಬಿಡಿಸುವುದು, ವರ್ಧಿಸುವುದು. ‘ಗ್ರಾಹಕ’ ಅಂತ ಬರೆದರೆ ‘ಗ್ರಾಹಕರು ಗ್ರಾಹಕಕ್ಕೆ ಗಾಳಿಯಾಡಲು ಜಾಗ ಬಿಡಬೇಕು’ ಎಂದಾಗುತ್ತದೆ.

‘ಚಾನೆಲ್’, ಅಂದರೆ ಒಂದೊಂದು ಸ್ಪೀಕರಿಗೆ ಹೋಗುವ ದನಿಯ ದಾರಿ, ಇನ್ನೂ ತೊಡಕು. 5.1 ಚಾನೆಲ್ ಅಂದರೆ ಕೆಲವರು ಟಿವಿ ಚಾನೆಲ್ ಅಂದುಕೊಳ್ಳುತ್ತಾರೆ. ಗೊರೂರು ಕಡೆಯವರಿಗಂತೂ ಚಾನಲ್ ಅಂದರೆ ಹೇಮಾವತಿ ನಾಲೆ. ಅದಕ್ಕೇ ‘ಐದು ಸ್ಪೀಕರ್, ಒಂದು ಸಬ್‌ವೂಫರ್’ ಅಂತ ಬಿಡಿಸಿಯೇ ಬರೆದಿದ್ದೇನೆ. 5.1ರಲ್ಲಿರುವ ಚುಕ್ಕಿ ದಶಾಂಶವಲ್ಲ. ಚುಕ್ಕಿಯ ಮುಂದಿನ ಆ ಒಂದು ಚಾನೆಲ್ ಸಬ್‌ವೂಫರಿನದು, ಅದು ಸುಮಾರು 120 ಹರ್ಟ್ಸ್‌ವರೆಗಿನ ಮಂದ್ರ ದನಿಯನ್ನಷ್ಟೇ ಒಯ್ಯುವುದರಿಂದ ಬೇರೆಯಾಗಿ ಎಣಿಸುತ್ತಾರೆ.

ನನ್ನ ನಿಜವಾದ ಪ್ರಶ್ನೆ ಸದ್ದುಗಳದ್ದು. ಇಲ್ಲಿ ಪದ ಕಟ್ಟುವ ಅಗತ್ಯವೇ ಇಲ್ಲ, ಅನುಕರಣ ಪದಗಳು ಬೇಕಾದಷ್ಟಿವೆ. ಒಂದೊಂದಕ್ಕೂ ಒಂದು ಕಾಯಿಲೆ ಗಂಟು ಹಾಕಬೇಕು, ಅಷ್ಟೆ.

ಏನೂ ಹಾಕದಿದ್ದರೂ ಸಬ್‌ವೂಫರಿನಿಂದ ಒಂದೇ ಸಮ ಬರುವ ಮಂದ್ರ ಸದ್ದಿಗೆ ‘ಗುಂಯ್‌ಗುಡುವುದು’ ಅಂತಿಟ್ಟಿದ್ದೇನೆ. ನಮ್ಮ ಮನೆ ಕರೆಂಟಿನ 50 ಹರ್ಟ್ಸ್ ಅಥವಾ ಅದರ ಇಮ್ಮಡಿ ಅದು. ಬೇರೆ ಬೇರೆ ಕಡೆ ಅರ್ಥಿಂಗ್ ಸಿಕ್ಕ ಎರಡು ಸಾಧನಗಳು ಕೇಬಲ್ಲಿನಲ್ಲಿ ಸೇರಿದಾಗ ಹೆಚ್ಚಾಗಿ ಹೀಗಾಗುತ್ತದೆ. ಟಿವಿಗೆ ಬರುವ ಕೇಬಲ್ ವೈರ್ ಬಿಚ್ಚಿ ನೋಡಿ. ಸದ್ದು ನಿಂತರೆ ಕಾರಣ ಆ ದಾರಿಯಲ್ಲೇ ಇದೆ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಮುರಿಯಬಾರದು. ಈ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸುತ್ತಿದ್ದೇನೆ, ಏಕೆಂದರೆ ‘ಪಿನ್ ತೆಗೆದರೆ ಸರಿಹೋಗುತ್ತೆ’ ಎನ್ನುವ ಪಂಡಿತರು ಊರಿಗೊಬ್ಬರಿದ್ದಾರೆ.

ಟ್ವೀಟರಿಗೆ (ತಾರ ದನಿಯ ಪುಟ್ಟ ಸ್ಪೀಕರ್) ಕಿವಿಯಿಟ್ಟರೆ ಮಾತ್ರ ಕೇಳುವ ಸಣ್ಣ ಸದ್ದಿಗೆ ‘ಬುಸ್’ ಅಂದಿದ್ದೇನೆ. ಅದು ಎಲ್ಲ ಆಂಪ್ಲಿಫೈಯರಿನಲ್ಲೂ ಇಷ್ಟಿಷ್ಟು ಇರುತ್ತದೆ, ರೋಗವಲ್ಲ. ಆದರೆ ‘ಬುಸ್’ ಅಂದರೆ ಹಾವು ನೆನಪಾಗಿ ಜನ ಗಾಬರಿ ಬಿದ್ದಾರೇನೋ. ‘ಸುಯ್’ ವಾಸಿಯೇ?

ಬಿಟ್ಟು ಬಿಟ್ಟು ಬರುವುದು ‘ಚರಚರ’. ಸಡಿಲವಾದ ವೈರು, ಮಳೆಗಾಲದ ತೇವಕ್ಕೆ ಕಿಲುಬು ಹಿಡಿದ ತಾಮ್ರದ ಎಳೆ, ಹೀಗೆ. ಸೆಟ್ ಆಫ್ ಮಾಡಿ, ರಿಸೀವರಿನ ಹಿಂದೆ ಎಡಬಲದ ವೈರುಗಳನ್ನು ಅದಲುಬದಲು ಮಾಡಬೇಕು. ಸದ್ದು ಇನ್ನೊಂದು ಸ್ಪೀಕರಿಗೆ ಹೋದರೆ ವೈರು, ಸ್ಪೀಕರು ನಿರ್ದೋಷಿ, ದೋಷ ರಿಸೀವರಿನ ಕಡೆಯದು. ಅದೇ ಸ್ಪೀಕರಿನಲ್ಲಿ ಉಳಿದರೆ ವೈರು, ಸ್ಪೀಕರು ಎರಡರಲ್ಲೊಂದು ಕೆಟ್ಟಿದೆ. ಜೋರು ಮಾಡಿದಾಗ ಮಾತ್ರ ಒಡೆಯುವ ದನಿಗೆ ನಮ್ಮ ಹುಡುಗ ‘ಕರಕರ’ ಅನ್ನುತ್ತಾನೆ, ನನಗೆ ‘ಹರಕು ದನಿ’ ಮೇಲೆನಿಸುತ್ತದೆ. ಫೋನಿನಲ್ಲಿ ಚರಚರಕ್ಕೂ ಕರಕರಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ.

ಕೊನೆಯದು, ರಿಸೀವರಿನ ಪುಟ್ಟ ಪರದೆಯ ಮೇಲೆ ಮೂಡುವ ‘ಪ್ರೊಟೆಕ್ಟ್’. ಸ್ಪೀಕರ್ ವೈರಿನ ಒಂದೆಳೆ ಪಕ್ಕದ ಟರ್ಮಿನಲ್ (ವೈರು ಸಿಕ್ಕಿಸುವ ಜಾಗ) ಮುಟ್ಟಿದರೂ ಸಾಕು, ರಿಸೀವರ್ ಟಕ್ಕೆಂದು ಸ್ಪೀಕರಿನ ಸಂಪರ್ಕ ಕಡಿದುಕೊಳ್ಳುತ್ತದೆ. ‘ರಕ್ಷಣಾ ಸ್ಥಿತಿ’ ಅಂದರೆ ಯುದ್ಧದ ವಾಸನೆ. ಅಂಗಡಿಯಲ್ಲಿ ‘ಸೆಟ್ ಕಟ್ ಆಗಿದೆ’ ಅನ್ನುತ್ತಾರೆ, ಅದು ಕರೆಂಟ್ ಹೋದದ್ದಕ್ಕೂ ಹೊಂದುತ್ತದೆ. ಕೊಪ್ಪ, ತರೀಕೆರೆ, ಅರಸೀಕೆರೆ ಕಡೆಯ ಮೆಕ್ಯಾನಿಕ್ಕುಗಳು ಇದಕ್ಕೆ ಏನನ್ನುತ್ತಾರೆ, ಬಲ್ಲವರು ತಿಳಿಸಿ. ಹಾಳೆ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ.