ಸಹಾಯ ಬೇಕು: ಸೈಕಲ್ ತುಳಿದರೆ ಕಿರುಬೆರಳು ಜೋಮು ಹಿಡಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು, ವಯಸ್ಸು 46. ಭಾನುವಾರ ನಸುಕಿನಲ್ಲಿ ಬಸವನ ಬಾಗೇವಾಡಿಯ ಕಡೆಗೆ ಸೈಕಲ್ ತುಳಿಯುತ್ತೇನೆ. ಮನಗೂಳಿ ತಲುಪುವಷ್ಟರಲ್ಲಿ ಬಲಗೈಯ ಕಿರುಬೆರಳು, ಉಂಗುರ ಬೆರಳು ಎರಡೂ ಜೋಮು ಹಿಡಿಯುತ್ತವೆ. ಕಳೆದ ವಾರ ಮನೆಗೆ ಬಂದ ಮೇಲೆ ಅಂಗಿಯ ಗುಂಡಿ ಬಿಚ್ಚಲಿಕ್ಕೂ ಹೆಂಡತಿಯನ್ನು ಕರೆಯಬೇಕಾಯಿತು. ಅವಳ ನಗು ಬೇರೆ!

ಅಂಗೈಯ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರ ಹ್ಯಾಂಡಲ್‌ಗೆ ಒತ್ತಿಕೊಳ್ಳುತ್ತಿದೆ ಎಂದರು ವೈದ್ಯರು. ಜೆಲ್ ಕೈಗವಸು ಹಾಕಿದೆ, ಅಷ್ಟೇನೂ ಫಲವಿಲ್ಲ. ಸೀಟಿನ ಮೂತಿ ಕೆಳಗೆ ಬಾಗಿದ್ದರಿಂದ ಮೈಭಾರವೆಲ್ಲ ಕೈಗೆ ಬೀಳುತ್ತಿತ್ತು. ಅದನ್ನು ಸಮ ಮಾಡಿದ ಮೇಲೆ ಬೆರಳು ತುಸು ಹಗುರ, ಭುಜದ ನೋವು ಮಾತ್ರ ಹಾಗೆಯೇ ಇದೆ.

ಈಗ ಹ್ಯಾಂಡಲ್ ಎತ್ತರಿಸಲೇ, ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ಸ್ಟೆಮ್ ಎಂಬ ತುಂಡನ್ನು ಗಿಡ್ಡದ್ದು ಹಾಕಿಸಲೇ? ಮೈಯಳತೆಗೆ ತಕ್ಕಂತೆ ಸೈಕಲ್ ಹೊಂದಿಸಿಕೊಡುವವರು ನಮ್ಮೂರಿನಲ್ಲಿ ಇದ್ದಾರೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ. ‘ಸೈಕಲ್ ಬಿಟ್ಟುಬಿಡಿ’ ಎನ್ನುವ ಸಲಹೆ ಮನೆಯಲ್ಲೇ ಸಿಕ್ಕಿದೆ.