ಮಕ್ಕಳ ಗ್ರಾಮಸಭೆಗೆ ಮಕ್ಕಳನ್ನು ತಯಾರು ಮಾಡುವುದು ಹೇಗೆ?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಹಿರಿಯ ಪ್ರಾಥಮಿಕ ಶಾಲೆ

ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ನಮ್ಮ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ, ಅಂದರೆ ಮಕ್ಕಳು ತಮ್ಮ ಬೇಡಿಕೆಗಳನ್ನು ಪಂಚಾಯ್ತಿಯ ಮುಂದಿಡುವ ಸಭೆ ಇದೆ. 6ರಿಂದ 8ನೇ ತರಗತಿಯವರನ್ನು ಕರೆದುಕೊಂಡು ಹೋಗಬೇಕು. ಬಹಳ ಕಡೆ ಸ್ವಾಗತ, ಹಾರ, ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಇಬ್ಬರು ಚುರುಕಿನ ಮಕ್ಕಳು ಟೀಚರ್ ಬರೆದುಕೊಟ್ಟದ್ದನ್ನು ಓದಿ ಕೂರುತ್ತಾರೆ, ಅಲ್ಲಿಗೆ ಸಭೆ ಮುಗಿಯಿತು. ಸ್ಥಳೀಯ ಸರ್ಕಾರದ ಪಾಠ ಆಗಿದೆ. ಅಧ್ಯಕ್ಷರು ಯಾರು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಯಾರು ಎಂದರೆ ಮಕ್ಕಳು ಹೇಳುತ್ತಾರೆ. ಆದರೆ ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು, ಕೇಳಿದ್ದು ಏನಾಯಿತು ಅಂತ ತಿಳಿಯುವುದು ಹೇಗೆ ಎಂಬುದನ್ನು ಕಲಿಸಬೇಕಿದೆ. ಮೂರು ವಾರ ಸಮಯ, ವಾರಕ್ಕೆ ಎರಡು ಪಿರಿಯಡ್. ಶಾಲಾ ಸಂಸತ್ತಿನ ಚುನಾವಣೆಯನ್ನೂ ಇದಕ್ಕೆ ಜೋಡಿಸಬಹುದೇ?

ಉತ್ತರ 1: ಶಿಕ್ಷಕರ ತರಬೇತಿಯಲ್ಲಿರುವವರು

ಮೇಡಂ, ಮೊದಲ ವಾರ ಭಾಷಣದ ಮಾತೇ ಬೇಡ. ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪು ಶಾಲೆಯಿಂದ ಒಂದೊಂದು ದಿಕ್ಕಿಗೆ ನಡೆದು ಬರಲಿ. ನಲ್ಲಿ, ಚರಂಡಿ, ಬೀದಿದೀಪ, ರಸ್ತೆ, ಅಂಗನವಾಡಿ, ಹೀಗೆ ಕಂಡದ್ದನ್ನೆಲ್ಲ ಡ್ರಾಯಿಂಗ್ ಹಾಳೆಯ ನಕಾಶೆಯಲ್ಲಿ ಗುರುತು ಮಾಡಲಿ. ಮರುದಿನದ ಪಿರಿಯಡ್‌ನಲ್ಲಿ ಪ್ರತಿ ಸಮಸ್ಯೆಯನ್ನೂ ಒಂದೊಂದು ಚೀಟಿಯಲ್ಲಿ ಬರೆಸಿ, "ಇದು ಯಾರ ಕೆಲಸ?" ಅಂತ ವಿಂಗಡಿಸಲು ಹೇಳಿ. ನಿಜವಾದ ಪಾಠ ಇರುವುದು ಇಲ್ಲೇ.

ಕುಡಿಯುವ ನೀರು, ಬೀದಿದೀಪ, ಚರಂಡಿ, ಕಸ ಪಂಚಾಯ್ತಿಗೆ ಸೇರಿದ್ದು. ಶಾಲೆಯ ಸೋರುವ ಕೊಠಡಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಬೇಕು. ಅಂಗನವಾಡಿ ಸಿಡಿಪಿಒಗೆ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಬೆಳಗಿನ ಬಸ್ ಡಿಪೋ ಮ್ಯಾನೇಜರ್‌ಗೆ, ಜೋತುಬಿದ್ದ ಕರೆಂಟ್ ತಂತಿ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ. ರಾಜ್ಯ ಹೆದ್ದಾರಿಯಲ್ಲಿ ಹಂಪ್ ಬೇಕಾದರೆ ಲೋಕೋಪಯೋಗಿ ಇಲಾಖೆ. ಮಕ್ಕಳು ಎಲ್ಲವನ್ನೂ ಅಧ್ಯಕ್ಷರನ್ನೇ ಕೇಳಿದರೆ ಅವರೂ ಎಲ್ಲಕ್ಕೂ "ಮಾಡಿಸೋಣ" ಅಂದುಬಿಡುತ್ತಾರೆ. ಬೇರೆ ಇಲಾಖೆಯ ಚೀಟಿಗಳನ್ನು ಎಸೆಯಬೇಡಿ. ಆ ಇಲಾಖೆಯವರನ್ನೂ ಸಭೆಗೆ ಕರೆಯಲು ಹದಿನೈದು ದಿನ ಮೊದಲೇ ಪಿಡಿಒಗೆ ಪತ್ರ ಕೊಡಿ.

ಇನ್ನೊಂದು ಮಾತು. ಮಕ್ಕಳಿಂದ ಮನೆ ಕಂದಾಯದ ಹಳೆ ರಸೀದಿ ತರಿಸಿ. ಅದರಲ್ಲಿ ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತೆಲ್ಲ ಬೇರೆ ಬೇರೆ ಸಾಲು ಇರುತ್ತದೆ. "ಪಂಚಾಯ್ತಿ ದುಡ್ಡು" ಅಂದರೆ ತಮ್ಮ ಮನೆಯಿಂದಲೂ ಹೋದ ದುಡ್ಡು ಎಂಬುದು ಆ ಒಂದು ಚೀಟಿಯಲ್ಲೇ ಗೊತ್ತಾಗುತ್ತದೆ.

ಉತ್ತರ 2: ಪಂಚಾಯ್ತಿ ಆಡಳಿತ ಬಲ್ಲವರು

ಟೀಚರ್, ಬೇಡಿಕೆ ಬರೆಯುವ ರೀತಿಯಲ್ಲೇ ಅರ್ಧ ಕೆಲಸ ಇದೆ. "ನಮ್ಮ ಊರಿಗೆ ಮೂಲಸೌಕರ್ಯ ಒದಗಿಸಿ" ಎಂದು ಬರೆದರೆ ನಡಾವಳಿ ಪುಸ್ತಕದಲ್ಲಿ ಒಂದು ಸಾಲಾಗಿ ಉಳಿಯುತ್ತದೆ, ಅಷ್ಟೇ. ಹೀಗೆ ಬರೆಸಿ: "ಶಾಲೆ ಗೇಟಿನಿಂದ ನೀರಿನ ಟ್ಯಾಂಕ್ ಕಡೆಗೆ ಮೂರನೇ ಕಂಬದ ದೀಪ ಉರಿಯುತ್ತಿಲ್ಲ. ಸಂಜೆ ಆ ದಾರಿಯಲ್ಲಿ 14 ಮಕ್ಕಳು ಮನೆಗೆ ಹೋಗುತ್ತೇವೆ. ದೀಪ ಹಾಕಿಸಿಕೊಡಿ." ಜಾಗ, ಎಷ್ಟು ಜನಕ್ಕೆ ತೊಂದರೆ, ಏನು ಬೇಕು, ಈ ಮೂರೂ ಇದ್ದರೆ ನೀರಗಂಟಿಯನ್ನೋ ಲೈನ್‌ಮನ್‌ನನ್ನೋ ಅಲ್ಲಿಂದಲೇ ಕಳಿಸಬಹುದು.

ಕಾನೂನಿನ ಒಂದು ಅಂಶ ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಗ್ರಾಮಸಭೆಯ ಸದಸ್ಯರೆಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವವರು. ಅದಕ್ಕೆ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ ಇದೆ: ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು. ಮಕ್ಕಳ ಗ್ರಾಮಸಭೆಯಲ್ಲಿ ಬಂದ ಬೇಡಿಕೆ ತಾನಾಗಿಯೇ ತೀರ್ಮಾನವಾಗುವುದಿಲ್ಲ. ಅದು ಪಂಚಾಯ್ತಿಯ ಸಾಮಾನ್ಯ ಸಭೆಯ ಮುಂದೆ ಬರಬೇಕು, ಹಣ ಬೇಕಾದ ಕೆಲಸವಾದರೆ ಕ್ರಿಯಾಯೋಜನೆಗೆ ಸೇರಬೇಕು. ಬಲ್ಬ್ ಹಾಕುವುದು ವಾರದ ಕೆಲಸ. ಹೊಸ ಪೈಪ್‌ಲೈನ್ ಮುಂದಿನ ವರ್ಷದ ಯೋಜನೆಗೆ ಸೇರುವಂಥದ್ದು. ಮೊದಲೇ ಹೇಳದಿದ್ದರೆ ಎರಡು ತಿಂಗಳಲ್ಲಿ ಮಕ್ಕಳು "ಏನೂ ಆಗಲ್ಲ ಬಿಡಿ" ಅನ್ನಲು ಶುರುಮಾಡುತ್ತಾರೆ. ಮಕ್ಕಳು ಆ ಮಾತು ಕಲಿಯುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಬೇಡಿಕೆ ಪತ್ರ ಎರಡು ಪ್ರತಿ ಇರಲಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳುವ ಕೆಲಸವನ್ನು ಮಕ್ಕಳೇ ಮಾಡಲಿ. ಸಭೆ ಮುಗಿಯುವ ಮುಂಚೆ ನಡಾವಳಿಯನ್ನು ಗಟ್ಟಿಯಾಗಿ ಓದಿಸಿ. ಮಕ್ಕಳು ಹೇಳಿದ್ದು ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಬಹುದು, ಆಮೇಲೆ ಕಷ್ಟ. ಕಳೆದ ಸಲದ ಬೇಡಿಕೆಗಳ ಅನುಪಾಲನಾ ವರದಿಯನ್ನು (ಯಾವುದು ಏನಾಯಿತು ಎಂಬ ವರದಿ) ಈ ಸಭೆಯ ಮೊದಲ ವಿಷಯವಾಗಿ ಕೇಳಿ. ಅದನ್ನು ಭಾಷಣಗಳಿಗಿಂತ ಮುಂಚೆ ಇಡುವಂತೆ ಪಿಡಿಒ ಹತ್ತಿರ ಮಾತಾಡಿಟ್ಟುಕೊಳ್ಳಿ.

ಉತ್ತರ 3: ಪ್ರೌಢಶಾಲೆಯ ಮತದಾರರ ಸಾಕ್ಷರತಾ ಕ್ಲಬ್ ನೋಡಿಕೊಳ್ಳುವವರು

ಚುನಾವಣೆ ಖಂಡಿತ ಜೋಡಿಸಿ, ಆದರೆ ಗ್ರಾಮಸಭೆಗಿಂತ ಮುಂಚೆ ಮುಗಿಸಿ. ಗೆದ್ದವರು ಬೇಡಿಕೆಗಳಿಗೆ ಹೊಣೆಯಾಗಬೇಕು. ನಾಮಪತ್ರಕ್ಕೆ ಒಬ್ಬ ಸೂಚಕರ ಸಹಿ, ಪರಿಶೀಲನೆ, ಹಿಂತೆಗೆತಕ್ಕೆ ಒಂದು ದಿನ, ಪ್ರಚಾರ ಮತದಾನದ ಹಿಂದಿನ ದಿನ ಬಂದ್. ಮೊಬೈಲ್ ಆ್ಯಪ್‌ನಲ್ಲಿ ಮತ ಹಾಕಿಸುವ ಶಾಲೆಗಳು ಈಗ ಬಹಳ. ಬೀಪ್ ಸದ್ದು ಕೇಳಿ ಮಕ್ಕಳಿಗೆ ಖುಷಿ, ನಿಜ. ಆದರೆ ಎಣಿಕೆ ಕಣ್ಣಿಗೆ ಕಾಣುವುದಿಲ್ಲ. ಕಾಗದದ ಮತಪತ್ರ ಇಟ್ಟರೆ ಕುಲಗೆಟ್ಟ (ಅಸಿಂಧು) ಮತ ಎಂದರೇನು, ಏಜೆಂಟ್ ಯಾಕೆ ಪಕ್ಕದಲ್ಲಿ ನಿಲ್ಲುತ್ತಾರೆ, ಎಲ್ಲ ತಿಳಿಯುತ್ತದೆ. ಮತಪತ್ರವನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಲು ಹೇಳಿಕೊಡಿ. ಅಡ್ಡಕ್ಕೆ ಮೊದಲು ಮಡಚಿದರೆ ಹಸಿ ಶಾಯಿ ಇನ್ನೊಬ್ಬ ಅಭ್ಯರ್ಥಿಯ ಎದುರೂ ಮೂಡಿ ಗೊಂದಲವಾಗುತ್ತದೆ.

ಬಹಳ ಕಡೆ ಎಡವುವುದು ಗುಟ್ಟಿನ ವಿಷಯದಲ್ಲಿ. ಮತಗಟ್ಟೆಯ ಒಳಗೆ ಟೀಚರ್ ನಿಂತಿದ್ದರೆ ಮಕ್ಕಳು ಟೀಚರ್ ಮೆಚ್ಚಿದವರಿಗೇ ಮತ ಹಾಕುತ್ತಾರೆ. ಅಂಕ ಹೆಚ್ಚು ಪಡೆದವರೇ ನಿಲ್ಲಬೇಕು ಎಂಬ ನಿಯಮವನ್ನೂ ಕೈಬಿಡಿ, ಅಂಥ ನಿಯಮ ಯಾವ ಚುನಾವಣೆಯಲ್ಲೂ ಇಲ್ಲ. ಪಂಚಾಯ್ತಿಯಲ್ಲಿ ಇರುವಂತೆ ಅರ್ಧ ಸ್ಥಾನ ಹುಡುಗಿಯರಿಗೆ ಮೀಸಲಿಡಿ. ಯಾವ ಸ್ಥಾನ ಎಂಬುದನ್ನು ಮಕ್ಕಳ ಎದುರೇ ಚೀಟಿ ಎತ್ತಿ ತೀರ್ಮಾನಿಸಿ. ಬೆರಳಿನ ಶಾಯಿ ನಮ್ಮ ಮೈಸೂರಿನಲ್ಲೇ ತಯಾರಾಗುವುದು, 1962ರಿಂದ ಬಳಕೆಯಲ್ಲಿದೆ ಎಂದು ಹೇಳಿದರೆ ಮಕ್ಕಳ ಮುಖ ಅರಳುತ್ತದೆ.

ಗೆದ್ದ ಮೇಲೆ ಮಂತ್ರಿಗಳಿಗೆ ಸಣ್ಣದಾದರೂ ನಿಜವಾದ ಅಧಿಕಾರ ಕೊಡಿ. ಆಟದ ಸಾಮಾನು ಯಾವುದು ಮೊದಲು ಕೊಳ್ಳಬೇಕು ಎಂಬುದು ಅವರ ತೀರ್ಮಾನವಾಗಲಿ. ಶೌಚಾಲಯ ತೊಳೆಸುವ ಮೇಲ್ವಿಚಾರಣೆ ಮಾತ್ರ ಕೊಟ್ಟರೆ ಅದು ಸಂಸತ್ತಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. ಎರಡು ಅನುಮಾನ. ಪತ್ರ ಕೊಟ್ಟು ಎರಡು ತಿಂಗಳಾದರೂ ಉತ್ತರ ಬರದಿದ್ದರೆ? ಮಕ್ಕಳು ಸಭೆಯಲ್ಲಿ ಯಾರ ಮೇಲಾದರೂ ದೂರು ಹೇಳಿಬಿಟ್ಟರೆ?

ಉತ್ತರ 4: ಮಾಹಿತಿ ಹಕ್ಕಿನ ಬಗ್ಗೆ ತರಬೇತಿ ಕೊಡುವವರು

ಮೊದಲನೆಯದು. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಬ್ಬ ಪೋಷಕರ ಹೆಸರಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿಸಿ, ಕರಡು ಮಕ್ಕಳದಾಗಿರಲಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. ಏಳನೇ ತರಗತಿಗೆ ಇದಕ್ಕಿಂತ ಒಳ್ಳೆಯ ಪ್ರಬಂಧ ಇನ್ನೇನು ಬೇಕು? "ದೀಪ ಯಾಕೆ ಹಾಕಿಲ್ಲ?" ಎಂದು ಕೇಳಬಾರದು, ಕಾರಣ ಕೇಳಿದರೆ "ಇದು ಮಾಹಿತಿಯಲ್ಲ" ಎಂದು ಹಿಂಬರಹ ಬರುತ್ತದೆ. "ಇಂಥ ತಾರೀಖಿನ ಮಕ್ಕಳ ಗ್ರಾಮಸಭೆಯ ನಡಾವಳಿ ಮತ್ತು ಅದರ ಮೇಲೆ ಕೈಗೊಂಡ ಕ್ರಮದ ದಾಖಲೆಯ ಪ್ರತಿ ಕೊಡಿ" ಎಂದು ಬರೆಯಬೇಕು. ದಾಖಲೆ ಇಲ್ಲದಿದ್ದರೆ ಇಲ್ಲ ಎಂದೇ ಬರೆದುಕೊಡಬೇಕಾಗುತ್ತದೆ, ಆ ಉತ್ತರವೂ ಮುಂದಿನ ಸಭೆಗೆ ಬೇಕು.

ಎರಡನೆಯದು ಸೂಕ್ಷ್ಮ. ಹೊಡೆತ, ಕಿರುಕುಳ, ಬಾಲ್ಯವಿವಾಹದಂಥ ವಿಷಯವನ್ನು ಮೈಕ್ ಮುಂದೆ ಹೇಳಿಸಲೇಬೇಡಿ. ಹೇಳಿದ ಮಗು ಸಂಜೆ ಅದೇ ಬೀದಿಗೆ ವಾಪಸ್ ಹೋಗಬೇಕಲ್ಲ. ವಾರ ಮೊದಲೇ ತರಗತಿಯಲ್ಲಿ ಬೀಗ ಹಾಕಿದ ಪೆಟ್ಟಿಗೆ ಇಡಿ, ಹೆಸರು ಬರೆಯುವುದು ಕಡ್ಡಾಯವಲ್ಲ ಎನ್ನಿ. ಮಕ್ಕಳ ಸಹಾಯವಾಣಿ 1098 ಅನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿಸಿ. ಪೆಟ್ಟಿಗೆಯನ್ನು ಮುಖ್ಯ ಶಿಕ್ಷಕರ ಜೊತೆ ಶಾಲೆಗೆ ಸೇರದ ಇನ್ನೊಬ್ಬರು, ಆಶಾ ಕಾರ್ಯಕರ್ತೆಯಾದರೂ ಸರಿ, ಇದ್ದು ತೆರೆಯಲಿ. ಬೀಗದ ಕೈ ಇಬ್ಬರಲ್ಲಿ ಒಬ್ಬರ ಹತ್ತಿರ ಮಾತ್ರ ಇರಬಾರದು, ಎರಡು ಬೀಗ ಹಾಕಿ.