ಬೆಂಕಿ ಬೀಳದ ದಿನ ಫೈರ್ ಸ್ಟೇಷನ್‌ನವರಿಗೆ ಏನ್ ಕೆಲ್ಸ?

ಕುತೂಹಲಿ:
ಎಲ್ರಿಗೂ ನಮಸ್ಕಾರ. ಮೊನ್ನೆ ನಮ್ ಅಪಾರ್ಟ್‌ಮೆಂಟ್‌ಗೆ ಫೈರ್‌ನವರು ಬಂದು ಮೆಟ್ಲು, ಪಾರ್ಕಿಂಗು, ಟೆರೇಸ್ ಬಾಗ್ಲು ಎಲ್ಲಾ ನೋಡಿ, ಮೆಟ್ಲ ಕೆಳಗಿರೋ ಹಳೇ ಸೋಫಾ ತೆಗೀರಿ, ಟೆರೇಸ್ ಬೀಗ ಬಿಚ್ಚಿ ಅಂತ ಹೇಳೋದ್ರು. ಈಗ ಗ್ರೂಪಲ್ಲಿ ದೊಡ್ ಜಗಳ, ಬೆಂಕಿ ಬಿದ್ರೆ ಬಂದು ಆರ್ಸೋದು ಬಿಟ್ಟು ನಮ್ ಸೋಫಾ ಉಸಾಬರಿ ಇವರಿಗ್ಯಾಕೆ ಅಂತ. ನಿಜವಾಗ್ಲೂ ಇದೂ ಅವರ ಕೆಲ್ಸಾನಾ? ಗೊತ್ತಿರೋರು ಹೇಳಿ.

ಹಳೇಹೆಲ್ಮೆಟ್:
ನಾನು ಇದೇ ಸರ್ವಿಸಲ್ಲಿದ್ದೋನು, ರಿಟೈರ್ ಆಗಿದೀನಿ. ಅದೇ ಮುಖ್ಯ ಕೆಲ್ಸ ಕಣ್ರೀ. ಸೋಫಾ ಒಳಗಿರೋ ಫೋಮ್ ಹತ್ಕೊಂಡ್ರೆ ಕಪ್ಪು ಹೊಗೆ, ಅದರಲ್ಲಿ ಕಾರ್ಬನ್ ಮಾನಾಕ್ಸೈಡು, ಸೈನೈಡು ಎಲ್ಲಾ ಇರುತ್ತೆ, ಆ ಹೊಗೆ ಸೀದಾ ಮೆಟ್ಲ ಮೇಲೇ ಏರೋದು. ನೀವು ಇಳಿಯೋಕೂ ಅದೇ ದಾರಿ, ನಾವು ಹತ್ತೋಕೂ ಅದೇ ದಾರಿ. ಸುಟ್ಟು ಸಾಯೋರಿಗಿಂತ ಹೊಗೆ ಕುಡ್ದು ಸಾಯೋರೇ ಜಾಸ್ತಿ. ಇನ್ನೊಂದು, ಈಗಿನ ಫರ್ನಿಚರ್ ತುಂಬಿರೋ ರೂಮಲ್ಲಿ ಬೆಂಕಿ ಹತ್ತಿದ್ರೆ 5 ನಿಮಿಷದೊಳಗೇ ಇಡೀ ರೂಮು ಒಂದೇ ಸಲ ಭಗ್ ಅಂತ ಹತ್ಕೊಳ್ಳೋ ಚಾನ್ಸ್ ಇರುತ್ತೆ, ಫ್ಲ್ಯಾಶ್‌ಓವರ್ ಅಂತೀವಿ, ಅಷ್ಟೊತ್ತಿಗೆ ಛಾವಣಿ ಹತ್ರ ಸುಮಾರು 600 ಡಿಗ್ರಿ ಇರುತ್ತೆ. ಈಗ ಲೆಕ್ಕ ಹಾಕಿ, ಯಾರೋ ನೋಡ್ಬೇಕು, ಫೋನ್ ಮಾಡ್ಬೇಕು, ಅಡ್ರೆಸ್ ಸರಿಯಾಗಿ ಹೇಳ್ಬೇಕು, ನಾವು ಡ್ರೆಸ್ ಹಾಕ್ಕೊಂಡು ಗಾಡಿ ಎತ್ಬೇಕು, ಟ್ರಾಫಿಕ್ ದಾಟ್ಬೇಕು, ಆ 5 ನಿಮಿಷ ಎಲ್ಲಿ ಉಳೀತು? ಅದಕ್ಕೇ ಮುಂಚೆನೇ ಬಂದು ನೋಡೋದು. ನಿಮ್ ಬಿಲ್ಡಿಂಗಿನ ಮೆಟ್ಲು ಎಲ್ಲಿ, ನೀರಿನ ಕನೆಕ್ಷನ್ ಎಲ್ಲಿ, ಕರೆಂಟ್ ಮೇನ್ ಎಲ್ಲಿ ಅಂತ ಮೊದ್ಲೇ ತಲೇಲಿದ್ರೆ ಕತ್ಲಲ್ಲಿ ಹೊಗೇಲಿ ಹುಡುಕೋದು ತಪ್ಪುತ್ತೆ.

ಖಾರಾಬೂಂದಿ:
ಎಲ್ಲಾ ಸರಿ ಸರ್, ಆದ್ರೆ ಗಾಡಿ ಬಂದು ಸ್ವಲ್ಪ ಹೊತ್ತಿಗೇ ನೀರ್ ಖಾಲಿ ಅಂತಾರಲ್ಲ, ಅದೇನ್ ಕಥೆ 😀

ಹಳೇಹೆಲ್ಮೆಟ್:
ಖಾಲಿ ಆಗ್ದೇ ಇನ್ನೇನಾಗುತ್ತೆ ಗುರು. 4000 ಲೀಟರ್ ಟ್ಯಾಂಕ್ ಅಂದ್ಕೊಳ್ಳಿ, ಒಂದು ಹೋಸು ನಿಮಿಷಕ್ಕೆ 400 ಲೀಟರ್ ಎಳೆದ್ರೆ 10 ನಿಮಿಷ, ಎರಡು ಬಿಟ್ರೆ 5. ಟ್ಯಾಂಕಿರೋದೇ ಶುರು ಮಾಡೋಕೆ, ಅಷ್ಟರಲ್ಲಿ ಹೈಡ್ರಂಟಿಂದಲೋ, ಅಂದ್ರೆ ಬೆಂಕಿ ಆರ್ಸೋಕೆ ಅಂತಲೇ ಇಟ್ಟಿರೋ ದೊಡ್ ನಲ್ಲಿಯಿಂದಲೋ, ಇನ್ನೊಂದು ಟ್ಯಾಂಕರಿಂದಲೋ ನೀರು ಜೋಡಿಸ್ಬೇಕು. ಆ ಹೈಡ್ರಂಟ್ ಮುಂದೆ ಯಾರೋ ಕಾರ್ ನಿಲ್ಸಿ ಹೋಗಿರ್ತಾರೆ. ಏಣಿ ಗಾಡಿಗಂತೂ ವಾಲದ ಹಾಗೆ ಎರಡೂ ಕಡೆ ಜಾಕ್ (ಆಸರೆ ಕಾಲು) ಚಾಚೋಕೆ ಜಾಗ ಬೇಕು, ಜಾಗ ಇಲ್ಲ ಅಂದ್ರೆ ಅಷ್ಟುದ್ದ ಏಣಿ ಇದ್ದೂ ಸುಮ್ನೆ ನಿಂತಿರುತ್ತೆ. ಹೊಟ್ಟೆ ಉರಿಯೋದು ಅಲ್ಲೇ.

ಆಂಬುಲೆನ್ಸ್‌ಡ್ಯೂಟಿ:
ಬರೀ ಬೆಂಕಿ ಅಂದ್ಕೋಬೇಡಿ. ಆಕ್ಸಿಡೆಂಟಲ್ಲಿ ಕಾರೊಳಗೆ ಸಿಕ್ಕಾಕೊಂಡೋರ್ನ ನಮ್ ಕೈಗೆ ಕೊಡೋರು ಅವ್ರೇ. ಎಷ್ಟೋ ಜನ ಬೇಗ ಎಳೀರಿ ಎಳೀರಿ ಅಂತ ಕೂಗ್ತಿರ್ತಾರೆ, ಅವ್ರು ಮಾತ್ರ ಮೊದ್ಲು ಕಾರು ಅಲುಗದ ಹಾಗೆ ಕಟ್ಟೆ ಕೊಟ್ಟು, ಬ್ಯಾಟ್ರಿ ಬಿಚ್ಚಿ, ಬಿಚ್ಕೊಳ್ದೇ ಇರೋ ಏರ್‌ಬ್ಯಾಗ್ ಎಲ್ಲೆಲ್ಲಿದೆ ನೋಡಿ, ಆಮೇಲೇ ಕಟರ್ ಹಚ್ಚೋದು, ಯಾಕಂದ್ರೆ ಬೆನ್ನುಮೂಳೆಗೆ ಪೆಟ್ಟಾಗಿರೋನ್ನ ದರದರ ಎಳೆದ್ರೆ ಆಮೇಲೆ ಕಾಲೇ ಬರ್ದೇ ಹೋಗ್ಬಹುದು. ನೆರೆ, ಲಿಫ್ಟು, ಗ್ಯಾಸ್ ಲೀಕು ಎಲ್ಲದಕ್ಕೂ ಇವರನ್ನೇ ಕರೆಯೋದು.

ಕುತೂಹಲಿ:
ಥ್ಯಾಂಕ್ಸ್ ಎಲ್ರಿಗೂ. ಇದನ್ನೇ ಕಾಪಿ ಮಾಡಿ ಗ್ರೂಪಿಗೆ ಹಾಕ್ತೀನಿ. ಮನೆ ಒಳಗೆ ನಾವೇನ್ ಮಾಡ್ಬಹುದು? ಸ್ಮೋಕ್ ಅಲಾರಂ ತಗೊಂಡ್ರೆ ಉಪಯೋಗ ಇದ್ಯಾ, ಸುಮ್ನೆ ಒಗ್ಗರಣೆಗೆಲ್ಲಾ ಬಡ್ಕೊಳ್ಳುತ್ತಾ?

ಹಳೇಹೆಲ್ಮೆಟ್:
ಅಡುಗೆಮನೇಲಿ ಹಾಕಿದ್ರೆ ಬಡ್ಕೊಳ್ಳುತ್ತೆ, ಅಲ್ಲಿಗೆ ಹೊಗೆಗಲ್ಲ, ಬಿಸಿಗೆ ಬಡ್ಕೊಳ್ಳೋ ಹೀಟ್ ಅಲಾರಂ ಹಾಕಿ. ಮಲಗೋ ರೂಮು, ರೂಮಾಚೆ ಪ್ಯಾಸೇಜು, ಇಲ್ಲಿ ಸ್ಮೋಕ್ ಅಲಾರಂ. ನಿದ್ದೇಲಿ ಹೊಗೆ ವಾಸನೆಗೆ ಎಚ್ರ ಆಗುತ್ತೆ ಅಂತ ನಂಬ್ಕೋಬೇಡಿ, ಮೂಗೂ ಮಲಗಿರುತ್ತೆ. ತಿಂಗಳಿಗೊಂದ್ಸಲ ಬಟನ್ ಒತ್ತಿ ನೋಡಿ, 10 ವರ್ಷ ಆದ್ರೆ ಪೂರ್ತಿ ಬದಲಾಯಿಸಿ. ರಾತ್ರಿ ರೂಮಿನ ಬಾಗ್ಲು ಮುಚ್ಚಿ ಮಲಗಿ, ಮಾಮೂಲಿ ಬಾಗ್ಲೂ ಸುಮಾರು ಹೊತ್ತು ಹೊಗೆ ತಡೆಯುತ್ತೆ. ಬಾಣಲೆ ಎಣ್ಣೆ ಹತ್ಕೊಂಡ್ರೆ ನೀರು ಮಾತ್ರ ಹಾಕ್ಬೇಡ್ರಪ್ಪ, ಆ ಬಿಸಿಗೆ ನೀರು ಆವಿಯಾಗಿ 1700 ಪಟ್ಟು ಹಿಗ್ಗಿ ಉರಿಯೋ ಎಣ್ಣೆನ ಛಾವಣಿಗೆ ಎರಚುತ್ತೆ. ಕೈಗೆ ಎಟುಕಿದ್ರೆ ಸ್ಟವ್ ಆಫ್ ಮಾಡಿ ತಟ್ಟೆ ಮುಚ್ಚಿ, ಎಟುಕದಿದ್ರೆ ಬಾಗ್ಲು ಹಾಕ್ಕೊಂಡು ಆಚೆ ಓಡಿ ಫೋನ್ ಮಾಡಿ.

ಖಾರಾಬೂಂದಿ:
ಸೋಫಾ ಬಿಡಿ, ಟೆರೇಸ್ ಬೀಗ ತೆಗೆದ್ರೆ ಕಳ್ರು ಬರಲ್ವಾ?

ಹಳೇಹೆಲ್ಮೆಟ್:
ಒಳಗಿಂದ ಒತ್ತಿದ್ರೆ ಕೀ ಇಲ್ದೆ ತೆಗೆಯೋ, ಹೊರಗಿಂದ ಲಾಕ್ ಆಗೇ ಇರೋ ಪುಶ್ ಬಾರ್ ಬರುತ್ತೆ, ಅದನ್ನ ಹಾಕ್ಸಿ. ಆದ್ರೂ ಮೆಟ್ಲಲ್ಲಿ ಹೊಗೆ ಇಲ್ಲ ಅಂದ್ರೆ ಕೆಳಗೇ ಇಳೀರಿ, ಹೊಗೆ ಮೇಲಕ್ಕೇ ಹೋಗೋದು. ಲಿಫ್ಟ್ ಹತ್ಬೇಡಿ.